ಗಣಿ ಊರಿನ ಗ್ರಂಥಾಲಯ: ಮೊದಲು ಕಾಗದ, ಆಮೇಲೆ ಕಟ್ಟಡ

ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಕೋಲಾರದ ಚಿನ್ನದ ಗಣಿಗಳಿಗೆ ಬೀಗ ಹಾಕಿದ್ದು 2001ರ ಫೆಬ್ರುವರಿ 28ರಂದು. ಮುಚ್ಚಿದ ಗಣಿಯ ನೆನಪು ಉಳಿಸುವ ಮಾತು ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಹೊಳೆಯುವುದು ಹೆಲ್ಮೆಟ್ ತೊಟ್ಟ ಕಾರ್ಮಿಕನ ಪ್ರತಿಮೆ, ವೃತ್ತದಲ್ಲಿ ನಿಲ್ಲಿಸಿದ ಹಳೆಯ ಚಕ್ರ, ಗೋಡೆ ತುಂಬ ಚಿನ್ನದ ಬಣ್ಣದ ಚಿತ್ರ. ಊರಿನ ಸಾರ್ವಜನಿಕ ಗ್ರಂಥಾಲಯವನ್ನೇ ವಿಸ್ತರಿಸಿ ಅಲ್ಲಿ ಗಣಿಯ ಪರಂಪರೆಗೆ ನೆಲೆ ಕೊಡಬೇಕೆಂಬುದು ಇವೆಲ್ಲಕ್ಕಿಂತ ಎಷ್ಟೋ ಮೇಲಾದ ವಿಚಾರ. ಆದರೆ ಆ ವಿಸ್ತರಣೆಯೂ ಪ್ರತಿಮೆಯ ದಾರಿಯನ್ನೇ ಹಿಡಿಯುವ ಅಪಾಯ ದೊಡ್ಡದು. ಆದ್ದರಿಂದ ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ಗಣಿಯ ದಾಖಲೆ, ಗಣಿಯಲ್ಲಿ ಸತ್ತವರ ಹೆಸರು, ಗಣಿಯವರ ಭಾಷೆ ಕಪಾಟಿಗೆ ಬಾರದ ಹೊಸ ಕಟ್ಟಡಕ್ಕೆ ಸರ್ಕಾರ ಒಂದು ರೂಪಾಯಿಯನ್ನೂ ಕೊಡಕೂಡದು.

ಕೆ.ಜಿ.ಎಫ್. ಎಂದೇ ಹೆಸರಾದ ಕೋಲಾರದ ಗಣಿ ಊರಿಗೂ ಓದಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಆ ಊರಿನ ಹುಟ್ಟೇ ಒಂದು ಓದಿನಿಂದ ಆಯಿತು. ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಬ್ರಿಟಿಷ್ ಸೇನೆಯ ಅಧಿಕಾರಿ ಇಲ್ಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ಬರೆದ ಬರಹ 1804ರಲ್ಲಿ ಅಚ್ಚಾಗಿತ್ತು. ಸುಮಾರು ಏಳು ದಶಕಗಳ ಬಳಿಕ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ ಎಂಬ ಐರಿಷ್ ಮಾಜಿ ಸೈನಿಕ ಅದನ್ನು ಓದಿದ, ಎತ್ತಿನ ಗಾಡಿ ಹಿಡಿದು ಹೊರಟ, 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಪರವಾನಗಿ ಪಡೆದ. 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ: ಶಿವನಸಮುದ್ರದಿಂದ 1902ರಲ್ಲಿ ಬಂದ ವಿದ್ಯುತ್, 3 ಕಿಲೋಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿ, ಒಟ್ಟು ಸುಮಾರು 800 ಟನ್ ಚಿನ್ನ. ಎಪ್ಪತ್ತು ವರ್ಷ ಯಾರದೋ ಕಪಾಟಿನಲ್ಲಿ ಉಳಿದಿದ್ದ ನಾಲ್ಕು ಪುಟಗಳು ಒಂದು ಊರನ್ನೇ ಎಬ್ಬಿಸಿ ನಿಲ್ಲಿಸಿದವು. ಕಾಗದ ಉಳಿಸುವುದು ದಂಡದ ಕೆಲಸ ಎನ್ನುವವರಿಗೆ ಕೋಲಾರದ ಈ ಉದಾಹರಣೆ ಸಾಕು.

ಆದರೆ ಲವೆಲ್‌ನ ಓದಿಗಿಂತ ನಮಗೆ ಹೆಚ್ಚು ಮುಖ್ಯವಾದದ್ದು ಗಣಿಗೆ ಇಳಿದವರ ಓದು. ಕೆಳಗೆ ಇಳಿದು ಬಂಡೆ ಒಡೆದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು ಮತ್ತು ಚಿತ್ತೂರು ಸೀಮೆಯಿಂದ ಬಂದ ದಲಿತರು. ತಮ್ಮ ಊರಿನಲ್ಲಿ ಪರರ ಜಮೀನು ಉತ್ತು, ಕೆರೆಯ ನೀರು ಮುಟ್ಟಲಾಗದೆ ಬದುಕಿದವರಿಗೆ ಗಣಿಯು ವಾರದ ಕೂಲಿಯನ್ನು ಕೊಟ್ಟಿತು. ಅವರು ಆ ಕೂಲಿಯಲ್ಲಿ ಪತ್ರಿಕೆಯನ್ನೂ ಕೊಂಡರು. ದಲಿತ ಚಿಂತಕ ಅಯೋತ್ತಿದಾಸ ಪಂಡಿತರು 1907ರಲ್ಲಿ ಮದರಾಸಿನಲ್ಲಿ ಆರಂಭಿಸಿದ ‘ಒರು ಪೈಸಾ ತಮಿಳನ್’ ವಾರಪತ್ರಿಕೆಗೆ ಕೋಲಾರದ ಗಣಿ ಪಟ್ಟಣ ಗಟ್ಟಿ ನೆಲೆಯಾಗಿತ್ತು. ಗಣಿ ಪಟ್ಟಣದ ಮಾರಿಕುಪ್ಪಂನಲ್ಲಿ ಅವರ ಶಾಕ್ಯ ಬೌದ್ಧ ಸಂಘದ ಶಾಖೆ ಬೇರೂರಿತು. ಸಿದ್ಧಾರ್ಥ ಪುಸ್ತಕಶಾಲೆ ಎಂಬ ಪ್ರಕಾಶನ ಗಣಿ ಊರಿನಿಂದಲೇ ಪಂಡಿತರ ಕೃತಿಗಳನ್ನು ಹೊರತಂದಿತು. ಪಂಡಿತರು 1914ರಲ್ಲಿ ತೀರಿಕೊಂಡ ಮೇಲೆ ನಿಂತುಹೋಗಿದ್ದ ‘ತಮಿಳನ್’ ಪತ್ರಿಕೆಗೆ 1926ರಲ್ಲಿ ಮರುಜೀವ ಸಿಕ್ಕಿದ್ದೂ ಇಲ್ಲೇ, ಅಪ್ಪಾದುರೈಯವರ ಸಂಪಾದಕತ್ವದಲ್ಲಿ. ಡಾ. ಅಂಬೇಡ್ಕರರು 1954ರಲ್ಲಿ ಕೆ.ಜಿ.ಎಫ್.ಗೆ ಬಂದಾಗ ಅವರನ್ನು ಎದುರುಗೊಂಡದ್ದು ಅರ್ಧ ಶತಮಾನದಿಂದ ಬುದ್ಧನನ್ನೂ ಸಮಾನತೆಯನ್ನೂ ಓದಿ ಚರ್ಚಿಸಿದ್ದ ಊರು.

ಕರ್ನಾಟಕದ ಬೌದ್ಧಿಕ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದ ಪುಟ ಸಿಕ್ಕಿಲ್ಲ. ಮೈಸೂರು, ಧಾರವಾಡಗಳ ವಾಚನಾಲಯಗಳ ಬಗ್ಗೆ ಬರೆಯುವ ನಾವು, ದಿನದ ಪಾಳಿ ಮುಗಿಸಿ ಬಂದು ಒಬ್ಬ ಓದಿದ್ದನ್ನು ಹತ್ತು ಜನ ಕೇಳಿಸಿಕೊಂಡಿರಬಹುದಾದ ಗಣಿ ಕಾರ್ಮಿಕರ ಲೈನ್ ಮನೆಗಳ ಜಗುಲಿಯನ್ನು ಆ ಸಾಲಿಗೆ ಸೇರಿಸಿಲ್ಲ. ಗಣಿ ಊರಿನಲ್ಲಿ ಗ್ರಂಥಾಲಯಕ್ಕೊಂದು ಹೊಸ ಭಾಗ ಕಟ್ಟುವುದೆಂದರೆ ಆ ಓದಿನ ಪರಂಪರೆಯನ್ನು ಅದರ ವಾರಸುದಾರರಿಗೆ ಹಿಂದಿರುಗಿಸುವುದು. ವಿನ್ಯಾಸ ಮಾಡುವ ವಾಸ್ತುಶಿಲ್ಪಿಗೆ ಮೊದಲು ಹೇಳಿಕೊಡಬೇಕಾದ ಪಾಠ ಇದು.

ಎರಡನೆಯ ಪಾಠ, ಯಾವ ಕಟ್ಟಡವನ್ನು ಮಾದರಿಯಾಗಿ ಹಿಡಿಯಬೇಕು ಎಂಬುದು. ಪರಂಪರೆ ಎಂದಕೂಡಲೇ ಕೆ.ಜಿ.ಎಫ್.ನಲ್ಲಿ ಕಣ್ಣು ಹೋಗುವುದು ಬಂಗಲೆಗಳ ಕಡೆಗೆ, ಕ್ಲಬ್ಬಿನ ಕಡೆಗೆ, ಇಳಿಜಾರು ಮಾಡು, ಕಮಾನು ಕಿಟಕಿ, ಮುಂದಿನ ಹುಲ್ಲುಹಾಸಿನ ಕಡೆಗೆ. ಊರಿಗೆ ‘ಪುಟ್ಟ ಇಂಗ್ಲೆಂಡ್’ ಎಂಬ ಹೆಸರನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತೇವೆ. ಆ ಬಂಗಲೆಗಳು ಚೆನ್ನಾಗಿವೆ, ಅವೂ ಉಳಿಯಬೇಕು. ಆದರೆ ಸಾರ್ವಜನಿಕ ಗ್ರಂಥಾಲಯದ ಹೊಸ ಭಾಗ ಬಂಗಲೆಯ ನಕಲಾದರೆ ನಾವು ಗೌರವಿಸಿದ್ದು ಗಣಿಯ ಯಜಮಾನರನ್ನು. ಕಾರ್ಮಿಕರು ವಾಸ ಮಾಡಿದ್ದು ಲೈನುಗಳಲ್ಲಿ: ಒಂದಕ್ಕೊಂದು ಅಂಟಿಕೊಂಡ ಇಕ್ಕಟ್ಟಾದ ಮನೆಗಳ ಉದ್ದ ಸಾಲು, ಮೇಲೆ ತಟ್ಟಿ ಅಥವಾ ತಗಡು, ಹತ್ತು ಮನೆಗೆ ಸೇರಿದ ನಲ್ಲಿ. ಆ ಬಡತನವನ್ನು ಚೆಂದಗಾಣಿಸಿ ತೋರಿಸಬೇಕೆಂದು ನಾವು ಹೇಳುತ್ತಿಲ್ಲ. ಇಕ್ಕಟ್ಟು ಆ ಬದುಕಿನ ಸೌಂದರ್ಯವಾಗಿರಲಿಲ್ಲ, ಅದು ಕಂಪನಿಯ ಲೆಕ್ಕಾಚಾರ. ಆದರೆ ಲೈನಿನ ವಿನ್ಯಾಸದಲ್ಲಿ ಒಂದು ಗುಣವಿತ್ತು. ಬಾಗಿಲುಗಳೆಲ್ಲ ಒಂದೇ ಬೀದಿಗೆ ತೆರೆಯುತ್ತಿದ್ದವು, ಬದುಕಿನ ಅರ್ಧಭಾಗ ಹೊರಗೇ ನಡೆಯುತ್ತಿತ್ತು, ಯಾರ ಮನೆಯಲ್ಲಿ ಯಾರು ಪಾಳಿಯಿಂದ ಬಂದಿಲ್ಲ ಎಂಬುದು ಇಡೀ ಸಾಲಿಗೆ ತಿಳಿಯುತ್ತಿತ್ತು. ಓದುವ ಕೋಣೆಗಳೆಲ್ಲ ಒಂದು ಉದ್ದದ ಜಗುಲಿಗೆ ತೆರೆದುಕೊಳ್ಳುವಂತೆ, ಒಳಗೆ ಬರಲು ಅಳುಕುವವರೂ ಜಗುಲಿಯಲ್ಲಿ ಕೂತು ಪತ್ರಿಕೆ ಹಿಡಿಯುವಂತೆ ಕಟ್ಟಬಹುದು. ಮೆಟ್ಟಿಲು ಏರಿ, ಗಾಜಿನ ಬಾಗಿಲು ತಳ್ಳಿ, ಕಾವಲುಗಾರನ ಮುಖ ನೋಡಿ ಒಳಹೋಗುವ ಕಟ್ಟಡವು ಈ ಊರಿನವರಿಗೆ ಹಳೆಯ ಅವಮಾನವನ್ನೇ ನೆನಪಿಸುತ್ತದೆ. ಗಣಿಯ ಗೇಟಿನಲ್ಲಿ ದಿನವೂ ಮೈ ತಡವಿಸಿಕೊಂಡು ಹೊರಬಂದವರ ಮಕ್ಕಳು ಮೊಮ್ಮಕ್ಕಳು ಅವರು.

ಸುರಂಗದ ಅನುಕರಣೆ ಬೇಡವೇ ಬೇಡ. ಕತ್ತಲೆ ಕೋಣೆ ಮಾಡಿ, ಥರ್ಮಾಕೋಲಿನ ಬಂಡೆ ಅಂಟಿಸಿ, ಧ್ವನಿವರ್ಧಕದಲ್ಲಿ ಸ್ಫೋಟದ ಸದ್ದು ಕೇಳಿಸುವುದು ವಸ್ತುಸಂಗ್ರಹಾಲಯಗಳಲ್ಲಿ ಈಗ ರೂಢಿಯಾಗಿದೆ. ಚಾಂಪಿಯನ್ ರೀಫ್‌ನ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ದಾಟುತ್ತಿತ್ತು. ಒತ್ತಡ ತಾಳದೆ ಬಂಡೆಯೇ ಸಿಡಿಯುತ್ತಿತ್ತು, ಮೇಲಿನ ಮನೆಗಳ ಪಾತ್ರೆಗಳು ಅಲುಗುತ್ತಿದ್ದವು, ಹೆಂಗಸರು ಗಣಿಗೆ ಇಳಿಯುವ ಶಾಫ್ಟಿನ ಕಡೆಗೆ ಓಡುತ್ತಿದ್ದರು. ಆ ಓಟ ಓಡಿದವರು ಇನ್ನೂ ಬದುಕಿರುವ ಊರಿನಲ್ಲಿ ಅದೇ ಸದ್ದನ್ನು ಮಕ್ಕಳ ಮನರಂಜನೆಗೆ ಒತ್ತುಗುಂಡಿಗೆ ಜೋಡಿಸುವುದು ಅಪಚಾರ. ಕತ್ತಲಲ್ಲಿ ದುಡಿದವರಿಗೆ ಬೆಳಕು ತುಂಬಿದ ಕೋಣೆಯೇ ಸರಿಯಾದ ಗೌರವ: ಎತ್ತರದ ಮಾಡು, ಉತ್ತರದ ಬೆಳಕು ಒಳಗೆ ಬರುವ ಕಿಟಕಿ, ಮೇಜಿನ ಮೇಲೆ ನಕ್ಷೆ ಹರಡಿದರೆ ಕಣ್ಣು ಕಿರಿದು ಮಾಡದೆ ಓದಬಲ್ಲಂಥ ಜಾಗ.

ಕಿಟಕಿಯ ಮಾತು ಬಂದಾಗ ದೂಳಿನ ಮಾತನ್ನೂ ಆಡಬೇಕು. ಊರಿನ ಸುತ್ತ ನಿಂತಿರುವ ಸೈನೈಡ್ ದಿಬ್ಬಗಳು 13, ಅವುಗಳಲ್ಲಿ ಚಿನ್ನ ತೆಗೆದು ಬಿಟ್ಟ ಅರೆದ ಮಣ್ಣು 3 ಕೋಟಿ ಟನ್ನಿಗೂ ಮಿಕ್ಕಿ ಇದೆ. ಗಾಳಿಗಾಲದಲ್ಲಿ ಆ ಬಿಳಿ ದೂಳು ಮನೆಯೊಳಗಿನ ಅನ್ನದ ತಟ್ಟೆಗೂ ಬೀಳುತ್ತದೆ. ಹಳೆಯ ಕಾಗದಕ್ಕೂ ಅದು ಒಳ್ಳೆಯದಲ್ಲ, ಮುದುಕರ ಶ್ವಾಸಕೋಶಕ್ಕಂತೂ ಮೊದಲೇ ಅಲ್ಲ. ಆದ್ದರಿಂದ ದಾಖಲೆ ಕೋಣೆ ಗಾಳಿಯ ದಿಕ್ಕಿಗೆ ಬೆನ್ನು ಹಾಕಿರಬೇಕು, ಅದರ ಕಿಟಕಿಗಳು ಬಿಗಿಯಾಗಿ ಮುಚ್ಚಬೇಕು, ಸುತ್ತ ಮರ ಬೆಳೆಸಬೇಕು. ಹೊಸ ಕಟ್ಟಡದ ಅಲಂಕಾರಕ್ಕೆಂದು ದಿಬ್ಬದ ಮಣ್ಣನ್ನು ಗಾರೆಗೋ ಇಟ್ಟಿಗೆಗೋ ಬೆರೆಸುವ ‘ಸ್ಥಳೀಯ ವಸ್ತು’ ಪ್ರಯೋಗಗಳಿಗೆ ಪರೀಕ್ಷೆಯಿಲ್ಲದೆ ಕೈಹಾಕಬಾರದು. ಹಾಗೆಯೇ ಶಾಫ್ಟುಗಳ ಮೇಲೆ ನಿಂತ ಉಕ್ಕಿನ ಗೋಪುರಗಳನ್ನು ಕಿತ್ತು ತಂದು ಗ್ರಂಥಾಲಯದ ಮುಂದೆ ನೆಡುವುದೂ ಬೇಡ. ಅವು ಎಲ್ಲಿ ನಿಂತಿವೆಯೋ ಅಲ್ಲಿಯೇ ನಿಂತಾಗ ಮಾತ್ರ ಕೆಳಗೊಂದು ಗಣಿಯಿತ್ತು ಎಂದು ಹೇಳುತ್ತವೆ. ಗ್ರಂಥಾಲಯದ ಜಗುಲಿಯಿಂದ ಅಂಥದೊಂದು ಗೋಪುರ ಕಾಣುವಂತೆ ಕಟ್ಟಡದ ದಿಕ್ಕನ್ನು ತಿರುಗಿಸಿದರೆ ಸಾಕು.

ಇನ್ನು ಒಳಗೆ ಏನಿರಬೇಕು ಎಂಬುದು. ನಮ್ಮ ತಕರಾರಿನ ತಿರುಳು ಇಲ್ಲಿದೆ, ಏಕೆಂದರೆ ಗೋಡೆಯನ್ನು ತಪ್ಪಾಗಿ ಕಟ್ಟಿದರೆ ಒಡೆದು ಕಟ್ಟಬಹುದು, ಕಳೆದುಹೋದ ದಾಖಲೆಯನ್ನು ಮತ್ತೆ ಬರೆಯಲಾಗದು.

ಗಣಿಯ ನಕ್ಷೆಗಳು ಮೊದಲು. ನೂರಿಪ್ಪತ್ತು ವರ್ಷ ಅಗೆದ ಊರಿನ ಕೆಳಗೆ ಇನ್ನೊಂದು ಊರೇ ಇದೆ. ಎಲ್ಲಿ ಟೊಳ್ಳು, ಎಲ್ಲಿ ಗಟ್ಟಿ ಎಂಬುದು ಇಂದು ಮೇಲೆ ಮನೆ ಕಟ್ಟುವವನಿಗೂ ಬೇಕಾದ ಮಾಹಿತಿ. ಮೈಸೂರು ಸರ್ಕಾರದ ಕಾಲದ ಕಡತಗಳು ಬೆಂಗಳೂರಿನಲ್ಲಿ, ರಾಜ್ಯ ಪತ್ರಾಗಾರದಲ್ಲಿವೆ. ಇತಿಹಾಸಕಾರ್ತಿ ಜಾನಕಿ ನಾಯರ್ ಅವರು 1998ರಲ್ಲಿ ಪ್ರಕಟಿಸಿದ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಗ್ರಂಥ ಈ ಗಣಿ ಕಾರ್ಮಿಕರ ಚರಿತ್ರೆಯಲ್ಲಿ ಎಷ್ಟು ಹೂರಣವಿದೆ ಎಂದು ತೋರಿಸಿಕೊಟ್ಟಿತು. ಅಂಥ ಕಡತಗಳ ಪ್ರತಿಯಾದರೂ ಗಣಿ ಊರಿನ ಗ್ರಂಥಾಲಯದಲ್ಲಿ ಇರಬೇಕು. ತನ್ನ ಅಜ್ಜ ಭಾಗವಹಿಸಿದ ಮುಷ್ಕರದ ವಿವರ ಓದಲು ಮೊಮ್ಮಗಳು ರಾಜಧಾನಿಗೆ ಬಂದು ಅರ್ಜಿ ಹಾಕಬೇಕಾಗಿ ಬರುವುದು ಅನ್ಯಾಯ.

ಮುಷ್ಕರವೆಂದೆವು. 1930ರಲ್ಲಿ ಕಾರ್ಮಿಕರ ಹೆಬ್ಬೆಟ್ಟಿನ ಗುರುತು ಪಡೆದು ನೋಂದಣಿ ಮಾಡಲು ಕಂಪನಿ ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ತಮ್ಮನ್ನು ಅಪರಾಧಿಗಳಂತೆ ಕಾಣಬೇಡಿ ಎಂಬುದು ಆ ಹೋರಾಟದ ಒಳದನಿ. 1946ರಲ್ಲಿ ಗೋಲಿಬಾರಿಗೆ ಕಾರ್ಮಿಕರು ಬಲಿಯಾದರು. ಪರಂಪರೆಯ ಹೆಸರಿನ ಪ್ರದರ್ಶನಗಳು ಇಂಥ ಪುಟಗಳನ್ನು ಹಾರಿಸಿ ಬ್ರಿಟಿಷ್ ಮ್ಯಾನೇಜರರ ಗುಂಪುಚಿತ್ರ, ಟೆನಿಸ್ ಅಂಗಳ, ಬೆಳ್ಳಿ ಕಪ್ಪುಗಳಲ್ಲಿ ಮುಗಿದುಬಿಡುತ್ತವೆ. ಹಾಗಾದರೆ ಅದು ಕ್ಲಬ್ಬಿನ ಚರಿತ್ರೆಯಾಗುತ್ತದೆ, ಗಣಿಯ ಚರಿತ್ರೆಯಾಗುವುದಿಲ್ಲ.

ಕಾಯಿಲೆಯ ಕಡತವೂ ಬೇಕು. ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ರೋಗವಾದ ಸಿಲಿಕೋಸಿಸ್‌ನ ಪ್ರಮಾಣವನ್ನು ಭಾರತದಲ್ಲಿ ಮೊದಲು ವರದಿ ಮಾಡಿದ್ದೇ ಕೋಲಾರದ ಗಣಿಗಳಿಂದ. 1940ರ ದಶಕದಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 43.7ರಷ್ಟು ಜನರಲ್ಲಿ ಆ ರೋಗ ಕಂಡುಬಂತು. ಹತ್ತು ಜನರಲ್ಲಿ ನಾಲ್ವರಿಗಿಂತ ಹೆಚ್ಚು. ಈ ಅಂಕಿ ವೈದ್ಯಕೀಯ ಗ್ರಂಥಗಳಲ್ಲಿದೆ, ಊರಿನ ಗೋಡೆಯ ಮೇಲೆ ಇರಬೇಕಾದದ್ದು. ಕೆಮ್ಮಿ ಕೆಮ್ಮಿ ಸತ್ತ ಅಪ್ಪನಿಗೆ ‘ಕುಡಿತ’ವೇ ಕಾರಣವೆಂದು ನಂಬಿ ಬೆಳೆದ ಮಕ್ಕಳಿಗೆ ನಿಜವಾದ ಕಾರಣ ತಿಳಿಯುವ ಹಕ್ಕಿದೆ.

ಸತ್ತವರ ಹೆಸರುಗಳ ಬಗ್ಗೆ ರಾಜಿಯಿಲ್ಲ. ಗಣಿಯಲ್ಲಿ ಸಾವಾದರೆ ತಪಾಸಣಾಧಿಕಾರಿಗೆ ವರದಿ ಹೋಗಬೇಕೆಂಬುದು ಕಾನೂನು, ಹಾಗಾಗಿ ಕಾಗದ ಎಲ್ಲೋ ಇದ್ದೇ ಇರಬೇಕು: ಕಂಪನಿಯ ಕಚೇರಿಯಲ್ಲಿ, ಗಣಿ ಸುರಕ್ಷತಾ ಮಹಾನಿರ್ದೇಶನಾಲಯದಲ್ಲಿ, ಆಸ್ಪತ್ರೆಯ ದಫ್ತರದಲ್ಲಿ, ಪೊಲೀಸ್ ಠಾಣೆಯಲ್ಲಿ, ಸ್ಮಶಾನದ ಪುಸ್ತಕದಲ್ಲಿ. ಅವನ್ನೆಲ್ಲ ಹುಡುಕಿ, ವರ್ಷ, ಶಾಫ್ಟು, ಹೆಸರು, ಊರು ಎಂದು ಒಂದೇ ಪಟ್ಟಿಗೆ ತರುವುದು ಹೊಸ ಭಾಗದ ಮೊದಲ ಕೆಲಸವಾಗಬೇಕು. ಯುದ್ಧದಲ್ಲಿ ಮಡಿದ ಸೈನಿಕನ ಹೆಸರನ್ನು ಕಲ್ಲಿನಲ್ಲಿ ಕೆತ್ತುವ ದೇಶ, ಖಜಾನೆಗೆ ಚಿನ್ನ ತಂದುಕೊಟ್ಟು ಬಂಡೆಯಡಿ ಸಿಕ್ಕವನನ್ನು ‘ಒಬ್ಬ ಕೂಲಿ’ ಎಂದು ಬಿಟ್ಟಿದೆ. ಆ ಸಾಲ ತೀರಿಸದೆ ಕಟ್ಟುವ ಯಾವ ಸ್ಮಾರಕವೂ ಸ್ಮಾರಕವಲ್ಲ.

ಭಾಷೆಯ ವಿಷಯದಲ್ಲಿ ಕನ್ನಡಿಗರಾಗಿ ನಾವು ನೇರವಾಗಿ ಮಾತನಾಡಬೇಕು. ಈ ಊರಿನ ಗಣಿಯ ನೆನಪು ಬಹುಪಾಲು ತಮಿಳಿನಲ್ಲಿದೆ, ತೆಲುಗಿನಲ್ಲಿದೆ, ಉರ್ದುವಿನಲ್ಲಿದೆ, ಆಂಗ್ಲೋ ಇಂಡಿಯನ್ ಮನೆಗಳ ಇಂಗ್ಲಿಷಿನಲ್ಲಿದೆ. ಕರ್ನಾಟಕದ ಗ್ರಂಥಾಲಯ ಇಲಾಖೆ ಅದನ್ನೆಲ್ಲ ಮೂಲಭಾಷೆಯಲ್ಲೇ ಕೊಂಡು ಕಾಪಾಡಬೇಕು, ಜೊತೆಗೆ ಕನ್ನಡಕ್ಕೆ ತರಬೇಕು. ಅನುವಾದವಾಗದೆ ಉಳಿದರೆ ಉಳಿದ ಕರ್ನಾಟಕಕ್ಕೆ ತನ್ನದೇ ನೆಲದ ಕಥೆ ಗೊತ್ತಾಗುವುದಿಲ್ಲ, ಮೂಲವನ್ನು ತಳ್ಳಿಹಾಕಿದರೆ ಹೇಳಲು ಕಥೆಯೇ ಉಳಿಯುವುದಿಲ್ಲ. ತಮಿಳು ಪುಸ್ತಕ ಕಪಾಟಿಗೆ ಬಂದರೆ ಕನ್ನಡಕ್ಕೆ ಧಕ್ಕೆ ಎಂದು ಕೂಗುವವರಿಗೆ ಇಲ್ಲಿ ಮಣಿಯಕೂಡದು. ಕನ್ನಡ ಅಷ್ಟು ಬಲಹೀನ ಭಾಷೆಯಲ್ಲ.

ಮಕ್ಕಳಿಗೆಂದು ಒಂದು ಮೂಲೆ ಮಾಡುವುದಾದರೆ ಚಿನ್ನದ ಇಟ್ಟಿಗೆಯ ಗೊಂಬೆ ಬೇಕಿಲ್ಲ. ಚಾಂಪಿಯನ್ ರೀಫ್‌ನಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳ ಸುಳಿವು ಸಿಕ್ಕಿತು. ಜಗತ್ತಿನಲ್ಲೇ ಮೊದಲ ಬಾರಿಗೆ ಅವನ್ನು ಗುರುತಿಸಿದ ಪ್ರಯೋಗಗಳಲ್ಲಿ ಅದೂ ಒಂದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಬ್ರಿಟನ್ನಿನ ಸಹೋದ್ಯೋಗಿಗಳೊಂದಿಗೆ ಅಲ್ಲಿ ಕೆಲಸ ಮಾಡಿದರು. ಉಪಕರಣಗಳನ್ನು ಆ ಆಳಕ್ಕೆ ಇಳಿಸುವುದೂ ಆ ಬಂಡೆಯಲ್ಲಿ ಜಾಗ ಮಾಡುವುದೂ ಗಣಿಯ ಕೈಗಳಿಲ್ಲದೆ ಆಗುವಂಥದ್ದಾಗಿರಲಿಲ್ಲ. ಲೈನ್ ಮನೆಯ ಹುಡುಗಿಯೊಬ್ಬಳು ಭೌತಶಾಸ್ತ್ರ ಓದಲು ಇದಕ್ಕಿಂತ ದೊಡ್ಡ ಪ್ರೇರಣೆ ಎಲ್ಲಿಂದ ತರೋಣ? ‘ಕೆ.ಜಿ.ಎಫ್.’ ಸಿನಿಮಾದ ಹೆಸರಿನಿಂದಷ್ಟೇ ತನ್ನ ಊರನ್ನು ಜಗತ್ತಿಗೆ ಪರಿಚಯಿಸಿಕೊಳ್ಳಬೇಕಾದ ಸ್ಥಿತಿ ಅವಳಿಗೆ ಬರಬಾರದು.

ಇದೆಲ್ಲ ಆಗುವ ಮಾತೇ ಎಂದು ಕೇಳಿದರೆ, ಆಗಿದೆ. ಬ್ರಿಟನ್ನಿನ ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಕಾರ್ಮಿಕರು ತಮ್ಮ ಕೂಲಿಯಿಂದ ಪೆನ್ನಿಗಳನ್ನು ಕೂಡಿಸಿ ಊರೂರಿನಲ್ಲಿ ಗ್ರಂಥಾಲಯ ಕಟ್ಟಿಕೊಂಡಿದ್ದರು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಗೆ ಅಡಿಗಲ್ಲು ಹಾಕಿದ ಅನ್ಯೂರಿನ್ ಬೆವನ್ ಓದಿ ಬೆಳೆದದ್ದು ಟ್ರೆಡೆಗರ್ ಊರಿನ ಅಂಥ ಗ್ರಂಥಾಲಯದಲ್ಲಿ. ಗಣಿಗಳು ಮುಚ್ಚುತ್ತ ಬಂದಂತೆ ಆ ಪುಸ್ತಕಗಳು ಚೆದುರಿಹೋದವು. ಉಳಿದದ್ದನ್ನು ಒಟ್ಟುಗೂಡಿಸಿ, ಮುದಿ ಕಾರ್ಮಿಕರ ಮಾತನ್ನು ಧ್ವನಿಮುದ್ರಿಸಿ, ಸ್ವಾನ್ಸಿಯಲ್ಲಿ 1973ರಲ್ಲಿ ಗಣಿ ಕಾರ್ಮಿಕರ ಗ್ರಂಥಾಲಯವೊಂದನ್ನು ವಿಶ್ವವಿದ್ಯಾಲಯವೇ ತೆರೆಯಿತು. ಅಲ್ಲಿ ಮೊದಲು ಸಂಗ್ರಹವಾಯಿತು. ನಮ್ಮಲ್ಲೂ ಕ್ರಮ ಹಾಗೆಯೇ ಇರಬೇಕು, ಅದೂ ತಡಮಾಡದೆ. 2001ರಲ್ಲಿ ಐವತ್ತು ದಾಟಿದ್ದ ಕಾರ್ಮಿಕ ಈಗ ಎಪ್ಪತ್ತೈದು ದಾಟಿದ್ದಾನೆ.

ಹಣವಿಲ್ಲ ಎಂಬ ಉತ್ತರವನ್ನು ನಾವು ಒಪ್ಪುವುದಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ಜನ ಕಟ್ಟುತ್ತಲೇ ಇದ್ದಾರೆ. ವಸೂಲು ಮಾಡಿದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ಸರಿಯಾಗಿ ಸಲ್ಲಿಸಿದರೆ ಅರ್ಧ ಚಿಂತೆ ಕಳೆಯಿತು. ಸಂಡೂರು, ಹಟ್ಟಿಯಂಥ ಕಡೆ ಗಣಿ ಇನ್ನೂ ನಡೆಯುತ್ತಿದೆ, ಜಿಲ್ಲಾ ಖನಿಜ ಪ್ರತಿಷ್ಠಾನಗಳಿಗೆ ಹಣ ಬರುತ್ತಿದೆ. ಆ ಹಣದಿಂದ ಅಲ್ಲಿಯ ದಾಖಲೆಗಳನ್ನು ಗಣಿ ಮುಚ್ಚುವ ಮುನ್ನವೇ ಉಳಿಸಲು ಕೋಲಾರ ಕಲಿಸಿದ ಪಾಠ ಸಾಕಾಗಬೇಕು. 2005ರ ಕೊನೆಗೆ ಗಣಿ ನಿಂತ ಕುದುರೆಮುಖದ ಖಾಲಿ ಮನೆಗಳನ್ನು ಕಂಡವರಿಗೆ, ಕೆಲಸ ಹೋದ ಮೇಲೆ ಜನ ಎಷ್ಟು ಬೇಗ ಚೆದುರುತ್ತಾರೆ ಎಂದು ಹೇಳಬೇಕಾಗಿಲ್ಲ.

ಗ್ರಂಥಾಲಯ ತೆರೆದಿರುವ ಸಮಯದ ಪ್ರಶ್ನೆ ಇನ್ನೂ ಸರಳವಾದದ್ದು, ಅದಕ್ಕೇ ಯಾರೂ ಗಮನಿಸುವುದಿಲ್ಲ. ಗಣಿ ಮುಚ್ಚಿದ ಮೇಲೆ ಈ ಊರಿನ ಸಾವಿರಾರು ಜನ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಕಚೇರಿಯ ವೇಳೆಯಲ್ಲಿ ತೆರೆದು ಸಂಜೆಗೆ ಮುಚ್ಚುವ ಗ್ರಂಥಾಲಯದ ಒಳಗನ್ನು ಅವರು ಎಂದೂ ನೋಡಲಾರರು. ಗಣಿ ಮೂರು ಪಾಳಿಯಲ್ಲಿ ನಡೆಯುತ್ತಿತ್ತು, ಗ್ರಂಥಾಲಯ ಎರಡು ಪಾಳಿಯಲ್ಲಿಯಾದರೂ ನಡೆಯಲಿ. ರಾತ್ರಿ ಹತ್ತರವರೆಗೆ ದೀಪ ಉರಿಯಲಿ, ಭಾನುವಾರ ಬಾಗಿಲು ತೆರೆದಿರಲಿ, ಅದಕ್ಕೆ ಬೇಕಾದ ಸಿಬ್ಬಂದಿಯ ಹುದ್ದೆಗಳು ಕಟ್ಟಡದ ಅಂದಾಜುಪಟ್ಟಿಯ ಜೊತೆಯಲ್ಲೇ ಮಂಜೂರಾಗಲಿ. ತರಬೇತಿ ಪಡೆದ ದಾಖಲೆಪಾಲಕರೊಬ್ಬರ ಹುದ್ದೆಯಿಲ್ಲದ ‘ಪರಂಪರೆ ವಿಭಾಗ’ ಆರು ತಿಂಗಳಲ್ಲಿ ಮುರಿದ ಕುರ್ಚಿಗಳ ಉಗ್ರಾಣವಾಗುತ್ತದೆ. ಇದನ್ನು ನಾವು ಊಹೆಯಿಂದ ಹೇಳುತ್ತಿಲ್ಲ. ರಾಜ್ಯದ ಎಷ್ಟೋ ಸರ್ಕಾರಿ ಕಟ್ಟಡಗಳು ಹೀಗೆ ಮುಗಿದಿವೆ.

ಆದ್ದರಿಂದ ನಮ್ಮ ಒತ್ತಾಯ ಸ್ಪಷ್ಟ. ರಾಜ್ಯ ಸರ್ಕಾರ ಮತ್ತು ಕೇಂದ್ರದ ಗಣಿ ಸಚಿವಾಲಯ ಕೂಡಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಬಳಿ ಉಳಿದಿರುವ ನಕ್ಷೆ, ಹಾಜರಿ ಪುಸ್ತಕ, ಅಪಘಾತ ವರದಿಗಳ ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಆ ಪಟ್ಟಿ ಹೊರಬರುವವರೆಗೆ ಅದರಲ್ಲಿನ ಒಂದು ಹಾಳೆಯೂ ಗುಜರಿಗೆ ಹೋಗಕೂಡದು. ದಿಬ್ಬಗಳನ್ನು ಮತ್ತೆ ಅರೆದು ಚಿನ್ನ ತೆಗೆಯುವ ಯೋಜನೆಗೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಮಣ್ಣಿನಲ್ಲಿ ಉಳಿದ ಚಿನ್ನದ ಲೆಕ್ಕ ಹಾಕಿದವರು ಕಾಗದದಲ್ಲಿ ಉಳಿದ ಮನುಷ್ಯರ ಲೆಕ್ಕವನ್ನೂ ಹಾಕಲಿ. ವಿಸ್ತರಣೆಯ ಸಮಿತಿಯಲ್ಲಿ ಮಾಜಿ ಕಾರ್ಮಿಕರೂ ಗಣಿಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರೂ ಸದಸ್ಯರಾಗಿರಬೇಕು, ಅತಿಥಿಗಳಾಗಿ ಅಲ್ಲ.

ಕೆ.ಜಿ.ಎಫ್.ನ ಮನೆಮನೆಯವರಲ್ಲಿ ಒಂದು ಮನವಿ. ನಿಮ್ಮ ಟ್ರಂಕುಗಳಲ್ಲಿ ಹಾಜರಿ ಚೀಟಿ, ಪಗಾರದ ಲಕೋಟೆ, ಆಸ್ಪತ್ರೆಯ ಚೀಟಿ, ಸಂಘದ ಕರಪತ್ರ, ಪಾಳಿಯವರು ಕೂಡಿ ತೆಗೆಸಿದ ಫೋಟೋ ಇದ್ದರೆ ಎಸೆಯಬೇಡಿ. ಫೋಟೋದ ಹಿಂದೆ ಗೊತ್ತಿರುವ ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದಿಡಿ. ಯಾವ ಸಂಶೋಧಕ ಬಂದರೂ, ಯಾವ ಅಧಿಕಾರಿ ಕೇಳಿದರೂ ಪ್ರತಿ ತೆಗೆದುಕೊಳ್ಳಲು ಬಿಡಿ, ರಸೀದಿಯಿಲ್ಲದೆ ಮೂಲವನ್ನು ಕೈಬಿಡಬೇಡಿ.